ಗಡಿಗೆ ಹೋದವನ ತಾಯಿ, ಕೌಂಟರಿನ ಮುಂದೆ

ಗೆಳೆಯರೇ, ಹೊಲದ ಉತಾರ, ಅಂದರೆ ಪಹಣಿ, ತೆಗೆಸಲೆಂದು ಇವತ್ತು ಚಿಕ್ಕೋಡಿಯ ಕಚೇರಿಯೊಂದರಲ್ಲಿ ಸಾಲು ನಿಂತಿದ್ದೆ. ನನ್ನ ಮುಂದೆ ಅಂಕಲಿ ಊರಿನ ವಯಸ್ಸಾದ ಕಾಕು ಒಬ್ಬರಿದ್ದರು.

“ಸಾಹೇಬ್ರ, ಮಿಲ್ಟ್ರಿಯಿಂದ ಸೂಟಿಗಿ ಬಂದಿದ್ದ ಮಗನ್ನ ಯುದ್ಧ ಅಂತ ವಾಪಸ್ ಕರಿಸ್ಯಾರ್ರಿ. ಸೊಸಿಗಿ ದಿನ ತುಂಬ್ಯಾವ. ಇಂಥಾ ಮನಿಗಿ ಸರಕಾರ ರೊಕ್ಕಾ ಕೊಡತೈತಿ ಅಂದ್ರು, ಖರೇ ಏನ್ರಿ?”

ಗುಮಾಸ್ತರು ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದರು, “ಮಗಗ ಏನರ ಆಗೇತೇನ್ರಿ?”

“ಅಯ್ಯ, ಇಲ್ರಿ! ಮುಂಜಾನೆ ಫೋನ್ ಮಾಡಿದ್ದ. ಆರಾಮ ಅದಾನ.”

“ಹಂಗಾರ ಈಗೇನೂ ಸಿಗಂಗಿಲ್ರಿ. ಏನರ ಆದ ಮ್ಯಾಲೆ ಬರ್ರಿ, ಲಗೂನ ಮಾಡಿ ಕೊಡ್ತೀನಿ.”

ಆ ಮಾತು ತಮಾಷೆಯದೂ ಅಲ್ಲ, ಸಿಟ್ಟಿನದೂ ಅಲ್ಲ. ಆ ಮನುಷ್ಯ ಪ್ರಾಮಾಣಿಕವಾಗಿ ಸಹಾಯ ಮಾಡುತ್ತಿದ್ದರು! ತಾವು ಆಡಿದ್ದೇನೆಂದು ಅವರಿಗೆ ಹೊಳೆಯಲೇ ಇಲ್ಲ.

ಕಾಕು ಸೆರಗು ಸರಿಮಾಡಿಕೊಂಡು, “ಹೋಗ್ತೀನ್ರಿ” ಎಂದರು.

ಗುಮಾಸ್ತರು ತಟ್ಟನೆ ತಲೆ ಎತ್ತಿದರು. “ಹಂಗ ಅನಬಾರದ್ರಿ ಕಾಕು, ‘ಹೋಗಿ ಬರ್ತೀನಿ’ ಅನ್ರಿ.”

“ಇಲ್ಲಿಗಿ ಮತ್ತ ಬರೂದು ಬ್ಯಾಡ್ರಿ ಸಾಹೇಬ್ರ,” ಎಂದು ಕಾಕು ಹೊರಟೇಬಿಟ್ಟರು.

ಅಪಶಕುನದ ಮಾತು ಆಡಬಾರದೆಂಬ ಕಾಳಜಿ ಆ ಮಹಾನುಭಾವರಿಗೂ ಇತ್ತು, ನೋಡಿ.