ಹಿತ್ತಲಿಗೆ ಬಿದ್ದ ಬ್ರೇಕು

ಹೆದರುವುದನ್ನು ಯಾರಾದರೂ ಕಲಿಯಬೇಕು ಅಂದರೆ ಪುಕ್ಕಲಕ್ಕನ ಹತ್ತಿರವೇ ಕಲಿಯಬೇಕು. ಬೀದಿಯ ತಿರುವಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಅಂತ ವಾಪಸ್ ಬಂದು ನೋಡುವವಳು. ನೋಡಿ ಹೋದಮೇಲೆ, ನೋಡುವಾಗ ಕೈ ತಾಗಿ ಎಲ್ಲಿ ಮತ್ತೆ ತಿರುಗಿತೋ ಅಂತ ಇನ್ನೊಮ್ಮೆ ಬರುವವಳು. ತಮ್ಮ ಒಂದು ಸಲ ಸೀನಿದರೆ ಅವಳ ಲೆಕ್ಕದಲ್ಲಿ ಜ್ವರ, ಎರಡು ಸಲ ಸೀನಿದರೆ ಆಸ್ಪತ್ರೆ. ಪುಕ್ಕಲಕ್ಕ ಅಂತ ಹೆಸರಿಟ್ಟವನೂ ಆ ತಮ್ಮನೇ, ತನ್ನ ಏಳನೇ ವಯಸ್ಸಿನಲ್ಲಿ. ಅವಳಿಗೆ ಮೂವತ್ತು ದಾಟಿದ ಮೇಲೂ ಹೆಸರು ಬಿಡಲಿಲ್ಲ. ಆಫೀಸಿಗೂ ಅವಳ ಹಿಂದೆಯೇ ನಡೆದುಕೊಂಡು ಬಂತು.

ತಮಾಷೆ ಏನೆಂದರೆ, ಇಂಥವಳ ಕೆಲಸವೇ "ಹಾಗೆಲ್ಲ ಆಗೋದಿಲ್ಲ ಬಿಡು" ಅಂತ ಯಂತ್ರಕ್ಕೆ ಹೇಳಿಕೊಡುವುದು.

ಅವಳು ಕಂಪೈಲರ್ ಕಟ್ಟುವವಳು. ಮನುಷ್ಯರು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಹಾಗೆ ತಿರುಗಿಸಿಕೊಡುವ ಸಾಫ್ಟ್‌ವೇರ್ ಅದು. ಪ್ರೋಗ್ರಾಮ್ ಅಂದಮೇಲೆ ಹೆಜ್ಜೆಹೆಜ್ಜೆಗೂ ದಾರಿ ಕವಲೊಡೆಯುತ್ತದೆ: ಹೀಗಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಯಾವ ಕಡೆ ಹೆಚ್ಚು ಓಡಾಟ ಅಂತ ಕಂಪೈಲರ್ ಮೊದಲೇ ಊಹಿಸಬೇಕು, ಅದೂ ಪ್ರೋಗ್ರಾಮನ್ನು ಒಂದು ಸಲವೂ ಓಡಿಸದೆ. ಅಂದರೆ ಮುಖ ನೋಡಿ ಮಣೆ ಹಾಕುವ ಕೆಲಸ. ಸುತ್ತು ಹಾಕುವ ದಾರಿ ಕಂಡರೆ, ಇನ್ನೂ ಒಂದು ಸುತ್ತು ಹಾಕುತ್ತದೆ ಅಂತ ಊಹೆ. "ತಪ್ಪಾಯಿತು" ಅಂತ ಹೇಳಲು ಹೋಗುವ ದಾರಿ ಕಂಡರೆ, ಅಲ್ಲಿಗೆ ಯಾರೂ ಅಷ್ಟಾಗಿ ಹೋಗುವುದಿಲ್ಲ ಅಂತ ಊಹೆ. ಓಡಾಟ ಜಾಸ್ತಿ ಇರುವ ದಾರಿಗೆ ನಡುಮನೆಯಲ್ಲಿ ಜಾಗ, ಮಿಕ್ಕಿದ್ದು ಹಿತ್ತಲಿಗೆ. ನಡುಮನೆ ಅಂದರೆ ಚಿಪ್ಪಿನೊಳಗಿನ ಚುರುಕಾದ ಮೆಮೊರಿ, ಇಷ್ಟೇ ಇಷ್ಟು. ಹಿತ್ತಲು ಅಂದರೆ ಹೊರಗೆ ಅಂಟಿಸಿದ ಇನ್ನೊಂದು ಮೆಮೊರಿ. ದೊಡ್ಡದು, ನಿಧಾನದ್ದು, ಯಾರೂ ಮಾತಾಡಿಸದಿದ್ದರೆ ಕರೆಂಟ್ ಉಳಿಸಲು ನಿದ್ದೆ ಹೋಗುವಂಥದ್ದು.

ಆರು ತಿಂಗಳ ಹಿಂದೆ ಪುಕ್ಕಲಕ್ಕ ಒಂದು ಹೊಸ ನಿಯಮ ಬರೆದಳು. ಕೆಲವು ಕೆಲಸಗಳಿಗೆ ಹೋದರೆ ಪ್ರೋಗ್ರಾಮ್ ಮತ್ತೆ ತಿರುಗಿ ಬರುವುದಿಲ್ಲ, ಬಾಗಿಲು ಹಾಕಿಕೊಂಡು ಅಲ್ಲೇ ನಿಂತುಬಿಡುತ್ತದೆ. ಅಂಥ ಕೆಲಸಕ್ಕೆ ಹೋಗುವ ದಾರಿ ಅಪರೂಪದ್ದು, ಹಿತ್ತಲಿಗೆ ಹಾಕು. ಇಷ್ಟೇ ನಿಯಮ. ಮೂರು ಲಕ್ಷ ಕವಲುಗಳ ಮೇಲೆ ಪರೀಕ್ಷೆ ಮಾಡಿದರೆ ಸಾವಿರಕ್ಕೆ ಒಂಬೈನೂರ ತೊಂಬತ್ತೆಂಟು ಸರಿ ಬಂತು. ತಂಡದ ಹಿರಿಯರು, ಹಿಂದೆ ಕಾಲೇಜಿನಲ್ಲಿ ಪಾಠ ಹೇಳಿದ್ದಕ್ಕೆ ಎಲ್ಲರ ಬಾಯಲ್ಲೂ ಮೇಷ್ಟ್ರು, ಅಂಕಿ ನೋಡಿ ಹುಬ್ಬೇರಿಸಿದರು.

"ಅಲ್ಲಮ್ಮಾ ಪುಕ್ಕಲಕ್ಕ, ಲೋಕದಲ್ಲಿರೋ ಕೆಟ್ಟದ್ದೆಲ್ಲ ಇವತ್ತೇ ಆಗುತ್ತೆ ಅನ್ನೋಳು ನೀನು. ಇಷ್ಟು ಚೆನ್ನಾಗಿ ಹೇಗೆ ಊಹಿಸ್ದೆ?"

"ಮಿಕ್ಕಿದ್ದು ಎರಡಿದೆಯಲ್ಲ ಸಾರ್, ಅದರ ಗತಿ?"

"ಅವೆರಡು ಸ್ವಲ್ಪ ನಿಧಾನ ಆಗುತ್ತೆ, ಅಷ್ಟೇ. ತಪ್ಪೇನಾಗಲ್ಲ. ಹೋಗಿ ನಿದ್ದೆ ಮಾಡು."

ಅವಳು ಒಂದು ವಾರ ಆ ಎರಡನ್ನೇ ನೆನೆಸಿಕೊಂಡು ಹೊರಳಾಡಿದಳು. ಆಮೇಲೆ, ಎಲ್ಲ ಹೆದರಿಕೆಯ ಹಾಗೆ ಇದೂ ಸುಳ್ಳೇ ಇರಬೇಕು ಅಂತ ಬಿಟ್ಟಳು. ಬಿಟ್ಟದ್ದೇ ಬಿಟ್ಟದ್ದು.

ಮೊನ್ನೆ ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಒಂದು ಮೇಲ್ ಬಂತು. ರಟ್ಟು ಕತ್ತರಿಸುವ ಯಂತ್ರ ಮಾಡುವವರದ್ದು. ನಿಮ್ಮ ಹೊಸ ಕಂಪೈಲರ್ ಹಾಕಿಕೊಂಡ ಮೇಲೆ ಕೆಂಪು ಗುಂಡಿ ಒತ್ತಿದರೆ ಬ್ಲೇಡು ತಡವಾಗಿ ನಿಲ್ಲುತ್ತಿದೆ, ಮುಂಚೆ ಎರಡು ಮಿಲಿಸೆಕೆಂಡು, ಈಗ ಅರವತ್ತು, ಯಾರಿಗೂ ಏನೂ ಆಗಿಲ್ಲ, ಕಾರಣ ತಿಳಿಸಿ. ಅವಳು ಕಂಪೈಲರ್ ಅವರಿಗೆ ಮಾಡಿಕೊಟ್ಟ ಕೋಡು ತೆರೆದು ನೋಡಿದಳು. ಬ್ಲೇಡು ನಿಲ್ಲಿಸುವ ಕೆಲಸ ಅಲ್ಲಿತ್ತು: ಬ್ಲೇಡು ನಿಲ್ಲಿಸು, ಯಾರಾದರೂ ಬಂದು ಬೀಗದಕೈ ತಿರುಗಿಸುವ ತನಕ ನಿಂತಲ್ಲೇ ನಿಲ್ಲು. ತಿರುಗಿ ಬರದ ಕೆಲಸ. ಅವಳ ನಿಯಮ ಅದರ ಮುಖ ನೋಡಿ ಹಿತ್ತಲಿಗೆ ತಳ್ಳಿತ್ತು. ಹಿತ್ತಲು ನಿದ್ದೆಯಲ್ಲಿತ್ತು. ಎದ್ದು ಕಣ್ಣುಜ್ಜಿಕೊಂಡು ಬರುವುದಕ್ಕೆ ಅದಕ್ಕೆ ಐವತ್ತೆಂಟು ಮಿಲಿಸೆಕೆಂಡು.

ಆ ಕೋಡನ್ನು ಇನ್ನೂ ಮುಚ್ಚಿರಲಿಲ್ಲ, ತಮ್ಮ ನೆನಪಾದ.

ಅವನು ಲಿಫ್ಟ್ ಕಂಪನಿಯೊಂದರಲ್ಲಿ ಫಿಟ್ಟರ್. ಭಾನುವಾರ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅವನೇ ಹೇಳಿದ್ದ, "ಅಕ್ಕಾ, ನಿಮ್ಮ ಹೊಸ ಕಂಪೈಲರ್ ನಮ್ಮಲ್ಲಿಗೂ ಬಂತು. ಬುಧವಾರ ಹನ್ನೊಂದಕ್ಕೆ ಬೀಳಿಸೋ ಪರೀಕ್ಷೆ. ನಾನೇ ಹತ್ತೋದು."

"ನೀನ್ಯಾಕೋ ಹತ್ತಬೇಕು?"

"ಬ್ರೇಕ್ ಕಟ್ಟಿದೋನೇ ಮೊದಲು ಹತ್ತಬೇಕು. ನಮ್ಮಲ್ಲಿ ಅದು ಮೊದಲಿಂದ್ಲೂ ಹಾಗೇ. ನಂಬಿಕೆ ಇಲ್ದಿದ್ರೆ ಯಾಕೆ ಕಟ್ಟಿದೆ ಅಂತಾರೆ."

ಅದು ಯಾವ ಕಾಗದದಲ್ಲೂ ಬರೆದಿದ್ದಲ್ಲ. ಅಲ್ಲಿನ ಹಳೇ ಫಿಟ್ಟರುಗಳು ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಬಂದದ್ದು. ನೀರಿನ ಲೋಟವನ್ನೇ ಲಿಫ್ಟ್ ಮಾಡಿಕೊಂಡು ತಮ್ಮ ತೋರಿಸಿದ್ದ. ಮೂರನೇ ಮಹಡಿಯಿಂದ ಬಿಡುತ್ತಾರೆ, ವೇಗ ಮಿತಿ ದಾಟಿದ ಕೂಡಲೇ ಚಿಪ್ಪು ಅಪ್ಪಣೆ ಕೊಡುತ್ತದೆ, ಎರಡು ಕಬ್ಬಿಣದ ದವಡೆ ಬಂದು ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿಯುತ್ತವೆ. "ಇಪ್ಪತ್ತು ಮಿಲಿಸೆಕೆಂಡ್ ಒಳಗೆ ಕಚ್ಚಬೇಕು. ತಡ ಆದ್ರೆ ಕಚ್ಚಿದ್ರೂ ಜಾರುತ್ತೆ."

"ಜಾರಿದ್ರೆ?"

"ಕೆಳಗೆ ಸ್ಪ್ರಿಂಗ್ ಇದೆಯಲ್ಲ. ಡಬ್ಬಾನ ತಡೆಯುತ್ತೆ. ನನ್ನ ಮಂಡಿ ವಿಷಯ ಮಾತ್ರ ಗೊತ್ತಿಲ್ಲ."

ಅವನು ನಕ್ಕ. ಇವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. "ಊಟದ ಹೊತ್ತಲ್ಲಿ ಅವಳನ್ನ ಹೆದರಿಸ್ಬೇಡ್ವೋ, ನೀನು ಸುಮ್ನೆ ಉಣ್ಣೇ" ಅಂತ ಅಮ್ಮ ಇಬ್ಬರಿಗೂ ಒಟ್ಟಿಗೇ ಬೈದಿದ್ದಳು.

ದವಡೆ ಕಚ್ಚು, ಯಾರಾದರೂ ಬಂದು ಬಿಡಿಸುವ ತನಕ ಹಾಗೇ ನಿಲ್ಲು. ಇದೂ ತಿರುಗಿ ಬರದ ಕೆಲಸವೇ. ಅದೇ ಮುಖ, ಅದೇ ಹಿತ್ತಲು. ಇಪ್ಪತ್ತರೊಳಗೆ ಆಗಬೇಕಾದ್ದು ಅರವತ್ತಕ್ಕೆ ಆಗುತ್ತದೆ. ಹನ್ನೊಂದಕ್ಕೆ. ಒಳಗೆ ಅವನು ನಿಂತಿರುತ್ತಾನೆ.

ತಮ್ಮನಿಗೆ ಫೋನು ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ನಾಲ್ಕು ಸಲ. ಎತ್ತುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕೆಲಸದ ಹೊತ್ತಿನಲ್ಲಿ ಅವಳ ನಂಬರ್ ಬಂದರೆ ಸದ್ದೇ ಆಗದ ಹಾಗೆ ಅವನು ಇಟ್ಟುಕೊಂಡಿದ್ದ, ಮುಚ್ಚುಮರೆ ಇಲ್ಲದೆ ಮುಖಕ್ಕೇ ಹೇಳಿಯೂ ಇದ್ದ: "ದಿನಕ್ಕೆ ಆರು ಫೋನು ಅಕ್ಕಾ. ಇಷ್ಟು ವರ್ಷದಲ್ಲಿ ಒಂದಾದ್ರೂ ನಿಜ ಆಗಿದ್ದಿದೆಯಾ?" ಆಗಿರಲಿಲ್ಲ. ಅವನ ನಿಯಮ ಅವಳದ್ದಕ್ಕಿಂತ ಚೆನ್ನಾಗಿತ್ತು, ಸಾವಿರಕ್ಕೆ ಸಾವಿರ ಸರಿ.

ಎದ್ದು ಮೇಷ್ಟ್ರ ಕೋಣೆಗೆ ಓಡಿದಳು. ಅವರು ಮೇಲ್ ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ತಮ್ಮನ ಕಂಪನಿಗೂ ಕಳಿಸಿದೀವಾ?"

"ಕಳಿಸಿದೀವಿ."

ಮೇಷ್ಟ್ರು ಲಿಫ್ಟ್ ಕಂಪನಿಗೆ ಫೋನು ಹಚ್ಚಿದರು. ಒಂದು ಒತ್ತಿ, ಎರಡು ಒತ್ತಿ ಅಂತ ಒಂದು ಹೆಣ್ಣುದನಿ ಸಾವಕಾಶವಾಗಿ ಹೇಳತೊಡಗಿತು. ಗಡಿಯಾರದಲ್ಲಿ ಹತ್ತೂ ನಲವತ್ತೊಂದು. ಆ ಕಂಪನಿ ಪಟ್ಟಣದ ಆ ತುದಿಯಲ್ಲಿ, ಗಾಡಿ ಹತ್ತಿದರೂ ಒಂದು ಗಂಟೆ ದಾರಿ. ತಮ್ಮ ಯಾರ ಫೋನು ಎತ್ತುತ್ತಾನೆ? ಏನೇ ಕೆಲಸವಿದ್ದರೂ ಅವನು ಬಿಡದೆ ಎತ್ತುವುದು ಒಬ್ಬರದ್ದೇ.

ಅಮ್ಮ ಎರಡನೇ ರಿಂಗಿಗೆ ಎತ್ತಿದಳು. "ಏನೇ, ಮತ್ತೇನು ಕಂಡೆ? ಗ್ಯಾಸಾ, ಬೀಗಾನಾ?"

"ಅಮ್ಮ. ಅವನು ಇವತ್ತು ಹತ್ತಬಾರದು."

ಅಮ್ಮ ಮುಂದಿನದಕ್ಕೆ ಕಾದಳು. ಮಗಳು ಹೆದರಿದಳು ಅಂದರೆ ಮಾತಿನ ಕಟ್ಟೆ ಒಡೆದ ಹಾಗೆ. ಯಾಕೆ, ಏನು, ಹೋದ ವರ್ಷ ಯಾರಿಗೆ ಏನಾಯಿತು, ಪೇಪರಿನಲ್ಲಿ ಏನು ಬಂದಿತ್ತು, ಎಲ್ಲ ಹೇಳಿ ಕೊನೆಗೆ ಅತ್ತು ಮುಗಿಸುವವಳು. ಈ ಸಲ ಏನೂ ಬರಲಿಲ್ಲ.

"ಅಳ್ತಿಲ್ವಲ್ಲೇ ನೀನು?"

"ಇಲ್ಲ."

"ಇಡು ಫೋನು," ಅಂದಳು ಅಮ್ಮ.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಪುಕ್ಕಲಕ್ಕ ಮೇಷ್ಟ್ರ ಕೋಣೆಯ ಕುರ್ಚಿಯ ತುದಿಯಲ್ಲಿ ಕೂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹತ್ತೂ ಐವತ್ತೈದು. ಅಮ್ಮನಿಗೆ ಮತ್ತೆ ಮಾಡೋಣ ಅಂದರೆ, ಅಮ್ಮ ಅದೇ ಗಳಿಗೆಯಲ್ಲಿ ಅವನ ಜೊತೆ ಮಾತಾಡುತ್ತಿದ್ದರೆ? ಮಾಡದೆ ಇರೋಣ ಅಂದರೆ, ಅವನು ಆಗಲೇ ಫೋನು ಪೆಟ್ಟಿಗೆಯಲ್ಲಿಟ್ಟು ಹತ್ತಿಬಿಟ್ಟಿದ್ದರೆ? ಅತ್ತ ದರಿ, ಇತ್ತ ಪುಲಿ. ಹನ್ನೊಂದಾಯಿತು. ಅವಳ ಕಣ್ಣಮುಂದೆ ಲೋಟ ಬೀಳುತ್ತಿತ್ತು, ಮತ್ತೆ ಮೇಲೆ ಹೋಗಿ ಮತ್ತೆ ಬೀಳುತ್ತಿತ್ತು. ಹನ್ನೊಂದೂ ಹತ್ತು. ಮೇಷ್ಟ್ರು ಇನ್ನೂ ಆ ಹೆಣ್ಣುದನಿಯನ್ನೇ ಕೇಳಿಸಿಕೊಳ್ಳುತ್ತಾ, ಒಂದು ಲೋಟ ನೀರು ಅವಳ ಮುಂದೆ ಇಟ್ಟರು. ಅವಳು ಅದನ್ನು ಎತ್ತಿ ದೂರ ಸರಿಸಿದಳು.

ಹನ್ನೊಂದೂ ಹದಿನೇಳಕ್ಕೆ ಫೋನು ಬಂತು. ತಮ್ಮನ ನಂಬರು. ಆದರೆ ಮಾತಾಡುವವನು ತಮ್ಮನೇ ಅಂತ ಏನು ಗ್ಯಾರಂಟಿ? ಒತ್ತಿ ಕಿವಿಗೆ ಹಿಡಿದಳು. ಯಾರೋ ಕೂಗಾಡುವ ಸದ್ದು, ತಗಡು ಎಳೆದಾಡುವ ಸದ್ದು.

"ಅಕ್ಕ."

"ಎಲ್ಲಿದೀಯ?"

"ಹೊರಗೆ. ಹೊರಗೇ ಇದೀನಿ. ಅಮ್ಮ ಫೋನ್ ಮಾಡಿ, ನಿಮ್ಮಕ್ಕ ಇವತ್ತು ಮಾತೇ ಆಡ್ಲಿಲ್ಲ ಕಣೋ ಅಂದ್ಳು. ಅದು ಕೇಳಿ ನಂಗೆ ಹೆದರಿಕೆ ಆಯ್ತು. ಹತ್ತಲ್ಲ ಅಂದೆ. ಎಲ್ರೂ ನಕ್ರು. ಅಕ್ಕನ ಕಾಯಿಲೆ ತಮ್ಮಂಗೂ ಅಂಟ್ತು ಅಂದ್ರು. ನನ್ನ ಬದಲು ಮರಳು ಚೀಲ ಇಟ್ಟು ಲಿಫ್ಟನ್ನ ಕೆಳಗೆ ಬಿಟ್ರು."

"ಆಮೇಲೆ?"

"ದವಡೆ ಕಚ್ತು. ತಡವಾಗಿ ಕಚ್ತು. ಕಿಡಿ ಹಾರಿಸ್ಕೊಂಡು ಜಾರ್ತಾ ಹೋಗಿ ಸ್ಪ್ರಿಂಗ್ ಮೇಲೆ ಕೂತ್ಕೊಂಡ್ತು. ಡಬ್ಬಾದ ನೆಲ ಮಡಚ್ಕೊಂಡಿದೆ. ಎರಡು ಚೀಲ ಒಡೆದು ಮರಳೆಲ್ಲ ಗೋಡೆಗೆ ಸಿಡಿದಿದೆ. ಈಗ ಯಾರೂ ನಗ್ತಿಲ್ಲ ಅಕ್ಕ."

"ಮಂಡಿ ಹೇಗಿದೆ?" ಅಂದಳು ಪುಕ್ಕಲಕ್ಕ. ಅವಳಿಗೇ ಗೊತ್ತಿಲ್ಲದೆ ಬಂದ ಮಾತು ಅದು.

"ನಡುಗ್ತಿದೆ," ಅಂದ ತಮ್ಮ.

ಇಷ್ಟಾದ ಮೇಲೆ ಹೆದರಿಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಮೇಷ್ಟ್ರು ಅಷ್ಟರಲ್ಲಿ ಒಂದು ಹಾಳೆ ಪ್ರಿಂಟ್ ಮಾಡಿ ತಂದಿದ್ದರು: ಆ ಕಂಪೈಲರ್ ಎಲ್ಲೆಲ್ಲಿಗೆ ಹೋಗಿದೆ ಅನ್ನುವ ಪಟ್ಟಿ. ನಲವತ್ತೊಂದು ಕಂಪನಿ. ತಗಡು ಒತ್ತಿ ಮಡಚುವ ಒತ್ತುಯಂತ್ರದವರಿದ್ದರು, ಕ್ರೇನಿನವರಿದ್ದರು, ಆಸ್ಪತ್ರೆಗೆ ಪಂಪು ಮಾಡಿಕೊಡುವವರೂ ಇದ್ದರು.

"ಎಷ್ಟು ಸಲ ಆ ದಾರೀಲಿ ಹೋಗ್ತಾರೆ ಅಂತ ಮಾತ್ರ ನೋಡಿದ್ವಿ," ಅಂದರು ಮೇಷ್ಟ್ರು, ಅವಳ ಕಡೆ ನೋಡದೆ. "ಎಂಥಾ ಹೊತ್ತಲ್ಲಿ ಹೋಗ್ತಾರೆ ಅಂತ ನೋಡ್ಲೇ ಇಲ್ಲ. ನೀನು ಕೇಳಿದ್ದೆ. ನಾನೇ ನಿದ್ದೆ ಮಾಡು ಅಂದೆ."

"ಬರೆದೋಳು ನಾನಲ್ವಾ ಸಾರ್."

ನಿಯಮ ತೆಗೆದುಹಾಕಲು ಅವಳಿಗೆ ನಾಲ್ಕು ನಿಮಿಷ ಸಾಕಾಯಿತು. ಆದರೆ ಆಗಲೇ ಚಿಪ್ಪುಗಳೊಳಗೆ ಹೋಗಿ ಕೂತಿರುವುದನ್ನು ಇಲ್ಲಿಂದ ಕೈಹಾಕಿ ತೆಗೆಯುವುದಕ್ಕಾಗುವುದಿಲ್ಲ. ಪಟ್ಟಿಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು. ಗ್ಯಾಸಿಗೆ ಹೆದರಿ, ಬೀಗಕ್ಕೆ ಹೆದರಿ, ಸೀನಿಗೆ ಹೆದರಿ ಬದುಕಿದವಳು ಅಪರಿಚಿತರಿಗೆ ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದಳು. ಪ್ರತಿ ಸಲ ರಿಂಗಾಗುವಾಗಲೂ, ಆ ಕಡೆಯವರು ಅಳುತ್ತಾ ಎತ್ತುತ್ತಾರೇನೋ ಅಂತ ಹೆದರುತ್ತಲೇ ಕಾಯುತ್ತಿದ್ದಳು.

ಆರನೆಯವನು ಒತ್ತುಯಂತ್ರದ ಕಂಪನಿಯವನು, ಸಮಾಧಾನದ ಮನುಷ್ಯ. ಪೂರ್ತಿ ಕೇಳಿಸಿಕೊಂಡು, "ಅಲ್ಲಾ ಮೇಡಂ, ಯಂತ್ರ ನಿಲ್ಲಿಸಿದ್ರೆ ನಮ್ಮ ಇವತ್ತಿನ ಕೆಲಸ ಎಲ್ಲ ಹೋಗುತ್ತೆ. ನಮ್ಮ ಹುಡುಗ್ರು ಆ ಕೆಂಪು ಗುಂಡಿ ಮುಟ್ಟಿ ಎರಡು ವರ್ಷ ಆಯ್ತು. ತುಂಬಾ ಅಪರೂಪ ಅಲ್ವಾ ಅದು?" ಅಂದ.

"ಹೌದು, ತುಂಬಾ ಅಪರೂಪ," ಅಂದಳು ಪುಕ್ಕಲಕ್ಕ. "ಈಗಲೇ ನಿಲ್ಲಿಸಿ. ನಿಲ್ಲಿಸೋ ತನಕ ನಾನು ಫೋನ್ ಇಡಲ್ಲ."