ಗಂಡ ಸತ್ತವಳಿಗೆ ಆರತಿ

ಬ್ರಿಟಿಷರ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಆ ಮಹಾತಾಯಿಯ ಬಗ್ಗೆ ಪ್ರತಿ ಜನವರಿಯಲ್ಲಿ ಭಾಷಣ ಮಾಡುವುದು ನಮ್ಮ ಸಿರುಗುಪ್ಪದ ಶಾಲೆಯಲ್ಲಿ ನನ್ನ ಪಾಲಿನ ಕೆಲಸ. ಕನ್ನಡ ಟೀಚರ್ ಅಂದಮೇಲೆ ಭಾಷಣ ಅವಳೇ ಮಾಡಬೇಕು ಎಂಬುದು ಎಲ್ಲರ ಲೆಕ್ಕ. ಪಾಠ ಹೇಳಲು ಹೊರಟ ಆಕೆಯ ಮೈಮೇಲೆ ಜನ ಸೆಗಣಿ ಎರಚಿದ್ದು, ಆಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ನಡೆದದ್ದು, ಇದನ್ನು ಹೇಳುವಾಗ ಎಂಥ ತುಂಟ ಹುಡುಗಿಯೂ ಬಾಯಿ ಮುಚ್ಚಿ ಕೇಳುತ್ತಾಳೆ. ನಾನು ಚೆನ್ನಾಗಿ ಹೇಳುತ್ತೇನೆಂದು ಹೆಸರಾಗಿತ್ತು. ಅದಕ್ಕೇ ಬಳ್ಳಾರಿಯಲ್ಲಿ ಶಿಕ್ಷಕಿಯರ ಸಮಾರಂಭ ನಡೆಸುವ ಸಮಿತಿಯವರು ಕಳೆದ ಜನವರಿಯಲ್ಲಿ ನನ್ನನ್ನೇ ಮುಖ್ಯ ಭಾಷಣಕ್ಕೆ ಕರೆದರು.

ಅದಕ್ಕೆ ಹಿಂದಿನ ವರ್ಷ ನನ್ನ ಗಂಡ ತೀರಿಕೊಂಡಿದ್ದರು. ಲೈನ್‌ಮನ್ ಆಗಿದ್ದರು. ಕಂಬ ಹತ್ತಿ ಇಳಿಯುವ ಮನುಷ್ಯನಿಗೆ ಏನಾಗುತ್ತದೋ ಎಂದು ದಿನಾ ಹೆದರುತ್ತಿದ್ದೆ. ಕಂಬದ ಮೇಲೆ ಏನೂ ಆಗಲಿಲ್ಲ, ಮನೆಯಲ್ಲಿ ಚಹಾ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡರು. ಕುರುಗೋಡಿನ ಅವರ ಮನೆಯಲ್ಲಿ ನನ್ನ ಬಳೆ ಒಡೆದದ್ದು ಅತ್ತೆ. ಬೇರೆ ಯಾರೋ ಹೆಂಗಸು ಮುಂದೆ ಬಂದಾಗ ಅವಳನ್ನು ಸರಿಸಿ, ತಾನೇ ನನ್ನ ಮುಂಗೈ ಹಿಡಿದು, ಹೊಸ್ತಿಲ ಕಲ್ಲಿಗೆ ಬಡಿದರು. ಗಾಜು ಚುಚ್ಚಿ ರಕ್ತ ಬಂತು. "ಸಾವಕಾಶ ಬೇ" ಎಂದು ಪಕ್ಕದವಳು ಹೇಳಿದ್ದು ನನಗಲ್ಲ, ಅತ್ತೆಗೆ. ನಾನು ಕೈ ಕೊಟ್ಟುಕೊಂಡು ಸುಮ್ಮನೆ ಕೂತಿದ್ದೆ. ಆಗ ಸಿಟ್ಟು ಬರುವಷ್ಟು ಜೀವವೂ ನನ್ನಲ್ಲಿರಲಿಲ್ಲ.

ರಜೆ ಮುಗಿಸಿ ಬೋಳು ಹಣೆಯಲ್ಲಿ ಶಾಲೆಗೆ ಹೋದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಿಮ್ಮ ಮನ್ಯಾಗ ಟಿಕಳಿ ಖಾಲಿ ಆಗ್ಯಾವೇನ್ರಿ? ನಮ್ಮವ್ವನ ಹತ್ರ ಹಾಳಿ ಅದಾವು, ತಂದ್ಕೊಡ್ಲೇನ್ರಿ?" ಎಂದಳು. ಉಳಿದ ಹುಡುಗಿಯರು ಅವಳ ಲಂಗ ಜಗ್ಗಿ ಕೂರಿಸಿದರು. ಮರುದಿನ ನಾನು ಟಿಕಳಿ ಇಟ್ಟುಕೊಂಡೇ ಹೋದೆ. ಎದುರಿಗೆ ಯಾರೂ ಏನೂ ಅನ್ನಲಿಲ್ಲ. ಸ್ಟಾಫ್ ರೂಮಿನೊಳಕ್ಕೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಅಷ್ಟೇ.

ಸಮಾರಂಭದ ದಿನ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಜೊತೆ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದೆ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಸಭಾಂಗಣದ ವೇದಿಕೆಯ ಮೇಲೆ ಆ ತಾಯಿಯ ಫೋಟೋ, ಅದಕ್ಕೆ ಕಾಸಿನಗಲದ ಕುಂಕುಮ, ಚೆಂಡುಹೂವಿನ ಹಾರ. ಐದು ಜನ ಶಿಕ್ಷಕಿಯರು ಫೋಟೋಕ್ಕೆ ಆರತಿ ಎತ್ತಬೇಕೆಂದು ಐದು ತಟ್ಟೆ ಸಿದ್ಧವಾಗಿದ್ದವು. ಐದರಲ್ಲಿ ಒಬ್ಬಾಕೆ ಬಂದಿರಲಿಲ್ಲ, ಮುಖ್ಯ ಅತಿಥಿಗಳು ಬಂದುಬಿಟ್ಟಿದ್ದರು. ಗಡಿಬಿಡಿಯಲ್ಲಿ ಯಾರೋ ನನ್ನ ಕೈಗೆ ತಟ್ಟೆ ಕೊಟ್ಟರು. ನಾನು ಹಿಡಿದು ಸಾಲಿನಲ್ಲಿ ನಿಂತೆ. ನನಗೆ ಅದರಲ್ಲಿ ಏನೂ ಅನ್ನಿಸಿರಲಿಲ್ಲ. ದೀಪ ಆರದಿರಲೆಂದು ಸೆರಗು ಅಡ್ಡ ಹಿಡಿದಿದ್ದೆ.

ಸಮಿತಿಯ ಕಾರ್ಯದರ್ಶಿ, ಅವರೂ ಮೇಷ್ಟ್ರೇ, ತಾಳಿಯಿಲ್ಲದ ನನ್ನ ಕೊರಳು ನೋಡಿ ನಿಂತರು. ನನ್ನ ಜೊತೆ ಬಂದವಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅವಳು ನೆಲ ನೋಡುತ್ತ ತಲೆಯಾಡಿಸಿದಳು. ಅವರು ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಮಂಗಳ ಕಾರ್ಯ ನೋಡ್ರಿ. ಮುತ್ತೈದೇರು ಎತ್ತಿದ್ರ ಚಲೋ ಅಂತ ಹಿರೇರು ಅಂತಾರ."

"ಯಾವ ಹಿರೇರ್ರಿ?" ಎಂದೆ.

"ನಿಮ್ದು ಹೆಂಗೂ ಭಾಷಣ ಐತೆಲ್ರಿ!" ಎಂದು ನಕ್ಕು, ಆ ತಟ್ಟೆಯನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಎಂಜಿನಿಯರ್ ಸಾಹೇಬರ ಹೆಂಡತಿಗೆ ಕೊಟ್ಟರು. ಆಕೆ ಟೀಚರ್ ಅಲ್ಲ. ಒಂದು ದಿನವೂ ಕರಿಹಲಗೆಯ ಮುಂದೆ ನಿಂತವಳಲ್ಲ. ಆಕೆಗೆ ಗಂಡ ಇದ್ದ, ಪಕ್ಕದಲ್ಲೇ ಕೂತಿದ್ದ. ಅಷ್ಟು ಅರ್ಹತೆ ಸಾಕಾಯಿತು.

ಆರತಿ ನಡೆಯಿತು. ಎಲ್ಲರೂ ಎದ್ದು ನಿಂತರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಳೆ ಒಡೆದಾಗ ಬಾರದ್ದು ಆಗ ಬಂತು. ಅದು ದುಃಖವಲ್ಲ, ಶುದ್ಧ ಸಿಟ್ಟು.

ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಸಿದ್ಧಮಾಡಿಕೊಂಡ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಈಗ ನೀವೆಲ್ಲ ಆರತಿ ಎತ್ತಿದ್ದು ಒಬ್ಬ ಗಂಡ ಸತ್ತಾಕಿಗೆ," ಎಂದೆ. "ಗೊತ್ತೈತೇನ್ರಿ ನಿಮಗ? ಈ ಫೋಟೋದಾಗಿನ ತಾಯಿ ಕಡೀ ವರ್ಷಗಳನ್ನ ವಿಧವೆಯಾಗೇ ಕಳದ್ಲು. ಗಂಡ ಸತ್ತಾಗ ಅಳಕೋತ ಮೂಲ್ಯಾಗ ಕೂಡಲಿಲ್ಲ. ಬೆಂಕಿ ಮಡಕಿ ತಾನೇ ಹಿಡಕೊಂಡು ಹೆಣದ ಮುಂದ ನಡದ್ಲು. ದಿಕ್ಕಿಲ್ಲದ ವಿಧವೆಯರ ಬಾಣಂತನ ಮಾಡಿದ್ಲು. ಇವತ್ತು ಆಕಿ ಈ ಬಾಗಿಲಿಗೆ ಬಂದಿದ್ರ ಆಕಿ ಕೈಯಾಗಿನ ತಾಟೂ ಕಸಗೊಂತಿದ್ರಿ. ನನ್ನ ಕೈಯಾಗಿಂದ ಕಸಗೊಂಡಂಗ."

ಸಭೆ ಸ್ತಬ್ಧವಾಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಮುಖ್ಯ ಅತಿಥಿಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತದ್ದೇ, ಭಾಷಣ ಮುಗಿಯಿತೆಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಮತ್ತೆ ಬಾಯಿ ತೆರೆದಾಗ ಮೈಕ್ ಸತ್ತಿತ್ತು. "ಕರೆಂಟ್ ಹೋಗೈತ್ರಿ ಮೇಡಂ" ಎಂದರು ಕಾರ್ಯದರ್ಶಿ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ನಾನು ಫ್ಯಾನಿನ ಕಡೆ ಬೆರಳು ತೋರಿಸಿದೆ. ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಮುಂದಿನ ಕಾರ್ಯಕ್ರಮಕ್ಕೆ ಮಕ್ಕಳನ್ನು ವೇದಿಕೆಗೆ ಕರೆದರು.

ಊಟ ಮಾಡದೆ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಗುರುತಿಲ್ಲದ ಒಬ್ಬ ಮುದುಕಿ ನನ್ನ ಕೈ ಹಿಡಿದುಕೊಂಡಳು. ನಿವೃತ್ತ ಟೀಚರಂತೆ. "ನೌಕರಿ ಇರೋತನಕ ಪ್ರತಿ ಫಂಕ್ಷನ್ನಿನಾಗ ಆರತಿ ಹೊತ್ತಿಗೆ ನಾನಾಗೇ ಹಿಂದ ಸರದು ನಿಂತೆ ಯವ್ವಾ. ಯಾರೂ ಹೇಳೋದೂ ಬೇಕಿರ್ಲಿಲ್ಲ," ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಬೇಕಿತ್ತು. ನನಗೆ ಅದೂ ಆಗಲಿಲ್ಲ. ಇಷ್ಟು ವರ್ಷ ಎಷ್ಟು ಜನ ಅಕ್ಷರ ಕಲಿಸುವ ಹೆಂಗಸರನ್ನು ಹೀಗೆ ಗೋಡೆಗೆ ಒರಗಿಸಿ ನಿಲ್ಲಿಸಿದರೋ ಎಂದು ಇನ್ನಷ್ಟು ಉರಿ ಹತ್ತಿತು.

ವಾಪಸ್ ಬಸ್ಸು ತೆಕ್ಕಲಕೋಟೆ ದಾಟಿತು. ಆಮೇಲೆ ಜೊತೆಯವಳು, "ಅಕ್ಕಾ, ಅವರು ಕೇಳಿದ್ರು, ನಾ ಹೌದಂದೆ. ಸುಳ್ಳು ಹೆಂಗ ಹೇಳ್ಲಿ?" ಎಂದಳು.

"ಸುಳ್ಳು ಹೇಳು ಅಂತ ಯಾರಂದ್ರು? ಅದನ್ನ ಯಾಕ ಕೇಳ್ತೀರಿ ಅಂತ ಅನ್ನಬೇಕಿತ್ತು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಕಾಲುವೆ ನೀರಿನ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಭತ್ತ ನಾಟಿ ಮಾಡುತ್ತಿದ್ದರು.

ಆಮೇಲೆ ಸಮಿತಿಯಿಂದ ಫೋನ್ ಬಂತು. ಅತಿಥಿಗಳಿಗೆ ಅವಮಾನವಾಗಿದೆ, ತಪ್ಪಾಯಿತು ಅನ್ನಬೇಕಂತೆ. "ತಟ್ಟೆ ಕಸಿದವರು ಮೊದಲು ಅನ್ನಲಿ" ಎಂದು ಫೋನ್ ಇಟ್ಟೆ. ಈ ವರ್ಷ ಅವರು ನನ್ನನ್ನು ಕರೆಯಲಿಲ್ಲ.

ಸಮಾರಂಭದ ನಂತರದ ಭಾನುವಾರವೇ ಕುರುಗೋಡಿಗೆ ಹೋಗಿದ್ದೆ. ಸುದ್ದಿ ನನಗಿಂತ ಮೊದಲೇ ಮೊಬೈಲಿನಲ್ಲಿ ತಲುಪಿತ್ತು. ಅತ್ತೆ ಹೊಸ್ತಿಲಲ್ಲೇ ಶುರುಮಾಡಿದರು.

"ನನ್ನ ಮಗ ಸತ್ತದ್ದನ್ನ ಬಳ್ಳಾರ್ಯಾಗ ಡಂಗುರ ಹೊಡದ್ಯಂತಲ್ಲ!"

"ಹೊಡದೆ, ಅತ್ತಿ."

ನಾನು ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದರೂ ಅವರು ಅಲ್ಲೇ ಕೂತಿದ್ದರು. ಬೈಗುಳ ನಿಂತಿತ್ತು. ಮೆಲ್ಲಗೆ ಕೇಳಿದರು: "ಆಕಿ ಖರೇನ ಬೆಂಕಿ ಮಡಕಿ ಹಿಡದಿದ್ಲೇನು?"

"ಹಿಡದಿದ್ಲು."

"ಮಂದಿ ಬೈಲಿಲ್ಲೇನು?"

"ಬೈದಿರ್ತಾರ. ಆಕಿ ನಿಲ್ಲಲಿಲ್ಲ."

ಅತ್ತೆ ನನ್ನ ಮುಂಗೈ ನೋಡಿದರು. ಕ್ಷಮೆ ಕೇಳುವ ಹೆಂಗಸಲ್ಲ, ಕೇಳಲೂ ಇಲ್ಲ. ನಾನು ಕ್ಷಮಿಸಲೂ ಇಲ್ಲ. "ರೊಟ್ಟಿ ಬಡೀತೀನಿ, ಉಣ್ಣು" ಎಂದು ಎದ್ದು ಒಳಗೆ ಹೋದರು. ಹಸಿವಾಗಿತ್ತು, ಉಂಡೆ.