ದೊಡ್ಡ ಸಿಸ್ಟರ್ ಅವರ ‘ಒಸಿ’

ಮೊನ್ನೆ ರಾಮನಗರದ ಬೀದಿಯೊಂದರಲ್ಲಿ ಬೇಯುತ್ತಿದ್ದ ರೇಷ್ಮೆಗೂಡಿನ ವಾಸನೆ ಬಂತು. ಜೊತೆಯಲ್ಲಿದ್ದವರು ಮೂಗು ಮುಚ್ಚಿಕೊಂಡರು, ನಾನು ನಿಂತೇಬಿಟ್ಟೆ. ನಮ್ಮ ದೊಡ್ಡ ಸಿಸ್ಟರ್ ನೆನಪಾದರು…

ಆಗ ನಾನು ನರ್ಸಿಂಗ್ ಮುಗಿಸಿ ರಾಮನಗರದ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಅವರು ಅಲ್ಲಿನ ಹಿರಿಯ ನರ್ಸ್, ಮಾಗಡಿ ಕಡೆಯ ಕಲ್ಯದವರು. ಮಾತು ಮಾತಿಗೂ ‘ಒಸಿ’. ನಮ್ಮ ಕಡೆ ಒಸಿ ಅಂದರೆ ಸ್ವಲ್ಪ. ಆದರೆ ಅವರು ‘ಒಸಿ ತಡಿ’ ಅಂದರೆ ಒಂದು ಗಂಟೆಗೆ ಕಮ್ಮಿ ಇರುತ್ತಿರಲಿಲ್ಲ. ನಾವು ಹುಡುಗಿಯರು ಅವರ ಬೆನ್ನ ಹಿಂದೆ ಅಣಕಿಸಿ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಹೆಂಗಸೊಬ್ಬಳು ಹನ್ನೊಂದು ಹನ್ನೆರಡರ ಹುಡುಗಿಯನ್ನು ಕರೆತಂದಳು. ತನ್ನ ಅಕ್ಕನ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಪಕ್ಕದ ಕೈಲಾಂಚ, ಸ್ಕೂಲಿಗೆ ಹೋಗುತ್ತಾಳೆ, ಜ್ವರ ಎಂದಳು. ಹುಡುಗಿಯನ್ನು ಕೇಳಿದ್ದಕ್ಕೆಲ್ಲ ಆ ಹೆಂಗಸಿನದೇ ಉತ್ತರ. ಪೆದ್ದಿ ನಾನು, ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡೆ. ಬಾಯಿಬಿಡದ ಮಗುವನ್ನು ಮೊಂಡಿ ಎಂದು ಗದರಿದೆ ಕೂಡ.

ದೊಡ್ಡ ಸಿಸ್ಟರ್ ಮಾತ್ರ ಆ ಮಗುವಿನ ಕೈ ಹಿಡಿದು ನೋಡಿದರು. ಬೆರಳ ತುದಿಗಳ ಚರ್ಮ ಬಿಸಿನೀರಿನಲ್ಲಿ ನೆನೆದು ಸುಲಿದಿತ್ತು. ಕೂದಲಿಗೂ ಬೆಂದ ಗೂಡಿನ ವಾಸನೆ.

“ತಲೆನೋವು ಒಸಿ ಐತಾ, ಜಾಸ್ತಿ ಐತಾ ಮಗ?”

“ಒಸಿ… ಅಂದ್ರ ಏನ್ರೀ?”

ಜ್ವರ ತಲೆಗೇರಿದೆ ಎಂದು ಹೆಂಗಸು ನಡುವೆ ಬಾಯಿ ಹಾಕಿದಳು. ಕೈಲಾಂಚದಲ್ಲಿ ಬೆಳೆದ ಮಗುವಿಗೆ ಒಸಿ ಗೊತ್ತಿಲ್ಲವೇ!

ಸಿಸ್ಟರ್ ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ತೂಕ ನೋಡಬೇಕೆಂದು ಹುಡುಗಿಯೊಬ್ಬಳನ್ನೇ ಒಳಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ನನ್ನೆದುರಿಗೇ ನಿಧಾನವಾಗಿ ಕೇಳಿದರು. ರಾಯಚೂರು ಕಡೆಯವಳಂತೆ. ಓದಿಸುತ್ತೇವೆಂದು ಕರೆತಂದು ಬೆಂದ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಕೂರಿಸಿದ್ದರಂತೆ. “ಅವ್ವನ ಕಡೆ ಕಳಸ್ರೀ” ಎಂದು ಅತ್ತಳು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಸಿಸ್ಟರ್ ಕೂಗಾಡಲಿಲ್ಲ. ಡಾಕ್ಟರಿಗೆ ತಿಳಿಸಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಹೊರಗೆ ಹೆಂಗಸು ಹೊರಡಲು ಚಡಪಡಿಸುತ್ತಿದ್ದಳು. ಸಿಸ್ಟರ್ ನಗುನಗುತ್ತಲೇ, “ರಕ್ತದ ರಿಪೋರ್ಟ್ ಬರ್ಬೇಕು ಕಣವ್ವ, ಒಸಿ ಕೂತ್ಕೊ” ಎಂದರು.

ಆ ಒಸಿ, ಅಧಿಕಾರಿಗಳು ಪೊಲೀಸರ ಜೊತೆ ಬಂದಿಳಿಯುವ ತನಕ ಮುಗಿಯಲಿಲ್ಲ. ವಾರದೊಳಗೆ ಅವ್ವ ಬಂದು ಮಗಳನ್ನು ಕರೆದುಕೊಂಡು ಹೋದಳು. ಇಂಥವರ ಕೈಕೆಳಗೆ ಕೆಲಸ ಕಲಿತೆನಲ್ಲ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ದೊಡ್ಡ ಸಿಸ್ಟರ್ ತೀರಿಕೊಂಡು ಮೂರು ವರ್ಷವಾಯಿತು. ಈಗ ಹೊಸ ನರ್ಸುಗಳಿಗೆ ನಾನು ಹೇಳಿಕೊಡುತ್ತೇನೆ: ಮಗುವಿನ ಕೈ ನೋಡಿ, ಒಂಟಿಯಾಗಿ ಮಾತಾಡಿಸಿ, ನನ್ನ ಹಾಗೆ ಗದರಬೇಡಿ. ಅವರು ನನ್ನ ಬೆನ್ನ ಹಿಂದೆ ‘ಒಸಿ ತಡಿ’ ಎಂದು ಅಣಕಿಸುವುದು ಕೇಳಿಸುತ್ತದೆ. ಅಣಕಿಸಲಿ ಬಿಡಿ. ಆದರೆ ಆಗೆಲ್ಲ, ದೊಡ್ಡ ಸಿಸ್ಟರ್ ಇನ್ನೊಂದು ಒಸಿ ಇರಬಾರದಿತ್ತೇ ಅನ್ನಿಸುತ್ತದೆ…